ಚುಕ್ಕೆಗಿಂತ ಒಂದು ಹೆಜ್ಜೆ ಹಿಂದೆ

ನನ್ನ ಮೊಮ್ಮಗಳು ಗೋಲು ಹೊಡೆದಳು. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದೆ ಹೋಗುವುದಿಲ್ಲ. ಹದಿನೇಳು ವರ್ಷದ ಹುಡುಗಿ, ನನ್ನ ಮಗನ ಮಗಳು ಅಂಬಿಕಾ, ಹೋದ ಭಾನುವಾರ ಪುಣೆಯ ದೊಡ್ಡ ಮೈದಾನದಲ್ಲಿ ಅಷ್ಟು ಜನರ ಎದುರಿಗೆ ಹೊಡೆದಳು. ಹಾಲಿನವನಿಗೆ ಹೇಳಿದ್ದೇನೆ. ಪಿಂಪ್ರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನಿಗೆ ಹೇಳಿದ್ದೇನೆ. ವಿಜಯಪುರದ ಕಡೆ ಇರುವ ಬೀಗರಿಗೆ ಫೋನು ಮಾಡಿ ಹೇಳಿದ್ದೇನೆ. ಬೀಗರು ಪೂರ್ತಿ ಕೇಳಿಸಿಕೊಂಡು, "ಭಾಳ ಛಲೋ ಆತು. ಎಷ್ಟು ರನ್ ಆದ್ವುರಿ?" ಎಂದರು. ಇರಲಿ.

ಆದರೆ ನಾನು ವಹಿ ತೆಗೆದು ಕೂತದ್ದು ಅವಳ ಬಗ್ಗೆ ಬರೆಯಲು ಅಲ್ಲ. ಅವಳಿಗೆ ಆಟ ಕಲಿಸಿದ ಮನುಷ್ಯ ಕೆಲಸದಿಂದ ನಿವೃತ್ತನಾಗಿ ಮೊನ್ನೆ ತನ್ನ ಊರಿಗೆ, ಬೆಳಗಾವಿಗೆ ಹೋದ. ನಲವತ್ತಕ್ಕೆ ಒಂದೆರಡು ವರ್ಷ ಕಡಿಮೆ, ಅಷ್ಟು ದಿನದಿಂದ ಅವನನ್ನು ಬಲ್ಲೆ. ಅಷ್ಟೂ ದಿನ ಅವನು ನನ್ನ ತಲೆ ತಿಂದ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದರೆ, "ಬರಕೋರಿ, ಹೆಸರು ಮಾತ್ರ ಹಾಕಬ್ಯಾಡ್ರಿ" ಎಂದ. ಇದಕ್ಕೂ ಒಂದು ತಕರಾರು! ನಾನು ಕಲಿತದ್ದು ನಾಲ್ಕನೇ ಇಯತ್ತೆ. ಹೆಸರಿಲ್ಲದೆ ಒಬ್ಬ ಮನುಷ್ಯನನ್ನು ಹೇಗೆ ತೋರಿಸಬೇಕೆಂದು ನನಗೇನು ಗೊತ್ತು? ಬಂದಷ್ಟು ಬರೆಯುತ್ತೇನೆ. ಕಾಗುಣಿತ ಮಗ ನೋಡಿಕೊಳ್ಳುತ್ತಾನೆ.

ನಾನು ಮೈದಾನದ ಮಾಲಿ. ಪಿಂಪ್ರಿಯಲ್ಲಿ ಗಾಡಿಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆ, ಅದರ ಬೆನ್ನಿಗೆ, ರೈಲು ಹಳಿಗೆ ಹತ್ತಿಕೊಂಡು, ಒಂದು ಫುಟ್‌ಬಾಲ್ ಮೈದಾನ. ಹುಲ್ಲಿಗೆ ನೀರು ಬಿಡುವುದು, ಕೊಯ್ಯುವುದು, ರೋಲರ್ ಎಳೆಯುವುದು, ಪಂದ್ಯದ ಹಿಂದಿನ ದಿನ ಸುಣ್ಣದ ಗೆರೆ ಹಾಕುವುದು ನನ್ನ ಕೆಲಸ. ಗೆರೆ ಹಾಕಲು ಕಲಿಸಿದವರು ನನಗಿಂತ ಮೊದಲು ಅಲ್ಲಿದ್ದ ಭೋರ್ ಕಡೆಯ ಮುದುಕ ಮಾಲಿ. ಕೆಲಸ ಬಿಟ್ಟು ಹೋಗುವಾಗ ಎರಡು ಸಾಮಾನು ನನ್ನ ಕೈಗೆ ಕೊಟ್ಟರು. ಒಂದು, ಅಲ್ಲಲ್ಲಿ ಗಂಟು ಹಾಕಿದ ಉದ್ದನೆಯ ಹಗ್ಗ. ದೊಡ್ಡ ಗೆರೆಗಳಿಗೆಲ್ಲ ಅದೇ ಅಳತೆ. ಇನ್ನೊಂದು, ಸರಿಯಾಗಿ ಒಂದು ಗಜದ ಬಿದಿರಿನ ಕೋಲು. ಅದು ಪೆನಾಲ್ಟಿ ಚುಕ್ಕೆಗೆ. ಗೋಲಿನ ಗೆರೆಯ ನಟ್ಟನಡುವಿನಿಂದ ಹನ್ನೆರಡು ಕೋಲು ಅಳೆದು ಬಂದು ಅಲ್ಲಿ ಒಂದು ಬೊಗಸೆ ಸುಣ್ಣ ಇಡಬೇಕು. ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ಎದುರಿನವರು ತಪ್ಪು ಮಾಡಿದರೆ ಆ ಚುಕ್ಕೆಯ ಮೇಲೆ ಚೆಂಡಿಟ್ಟು ಒಬ್ಬನೇ ಹೊಡೆಯುತ್ತಾನೆ, ಗೋಲ್‌ಕೀಪರ್ ಒಬ್ಬನೇ ತಡೆಯುತ್ತಾನೆ, ಉಳಿದವರೆಲ್ಲ ದೂರ ನಿಂತು ದೇವರ ಹೆಸರು ಹೇಳುತ್ತಾರೆ. ಅದು ಪೆನಾಲ್ಟಿ.

ಮೊದಲ ಮಳೆಗಾಲದಲ್ಲೇ ಕೋಲಿನ ತುದಿ ಸೀಳಿತು. ಸೀಳು ಮೇಲೇರಬಾರದೆಂದು ತುದಿ ಕೊಯ್ದು, ತಂತಿ ಸುತ್ತಿ ಗಟ್ಟಿ ಮಾಡಿಕೊಂಡೆ. ಚುಕ್ಕೆಯನ್ನಂತೂ ಹಣೆಗೆ ಕುಂಕುಮ ಇಟ್ಟ ಹಾಗೆ ದುಂಡಗೆ ಇಡುತ್ತಿದ್ದೆ. ಆಗ ನಾನು ಬದಲಿ ಕೆಲಸಗಾರ. ಕಾಯಂ ಆಗಬೇಕಾದರೆ ಕೆಲಸದಲ್ಲಿ ಯಾರಿಗೂ ಎಳೆಯಷ್ಟೂ ತಪ್ಪು ಕಾಣಬಾರದು ಎಂಬ ಭಯ.

ಮರುವರ್ಷ ಅವನು ಬಂದ. ಕಾರ್ಖಾನೆಯ ತಂಡಕ್ಕೆ ಗೋಲು ಹೊಡೆಯುವ ಹುಡುಗ ಬೇಕಾಗಿದ್ದ, ಯಾರೋ ಬೆಳಗಾವಿಯಿಂದ ಹುಡುಕಿ ತಂದಿದ್ದರು. ಇಪ್ಪತ್ತು ತುಂಬಿತ್ತೋ ಇಲ್ಲವೋ. ಹಂಚಿಕಡ್ಡಿಯಂಥ ಕಾಲು, ಕಣ್ಣಿನ ಮೇಲೆ ಬೀಳುವ ಕೂದಲು. ಕನ್ನಡ ಆಡುವ ಮಾಲಿ ಸಿಕ್ಕ ಖುಷಿಗೆ ನಮಸ್ಕಾರ ಮಾಡುತ್ತಾನೆ ಎಂದುಕೊಂಡೆ. ಮೈದಾನವನ್ನು ಒಂದು ಸುತ್ತು ನೋಡಿ ಬಂದು,

"ಅಣ್ಣಾ, ಈ ಹುಲ್ಲು ನೀವು ಕೊಯ್ದಿದ್ದೋ, ಎಮ್ಮಿ ಮೇಯ್ದಿದ್ದೋ?" ಎಂದ.

"ಎಮ್ಮಿ ಈಗ ಬಂದದ ತಮ್ಮಾ, ಇನ್ನ ಮೇಯಬೇಕು," ಎಂದೆ.

ನಗಲಿಲ್ಲ. ಅವನು ನಗುವುದೇ ಕಡಿಮೆ. ಅವತ್ತಿನಿಂದ ಶುರುವಾಯಿತು. ಗೋಲಿನ ಮುಂದೆ ನೀರು ಜಾಸ್ತಿ ಬಿಡ್ರಿ, ಚೆಂಡು ಜಾರಬೇಕು ಎಂದ. ಬಿಟ್ಟೆ. ಜಾರಿದ್ದು ಅವನು. ಎದ್ದು, ಕೆಸರು ಒರೆಸಿಕೊಂಡು ಬಂದು, "ಇಷ್ಟ್ಯಾಕ ಬಿಟ್ರಿ?" ಎಂದು ನನ್ನನ್ನೇ ಕೇಳಿದ. ಗೆರೆ ದಪ್ಪ ಆಯಿತು ಎಂದ, ತೆಳ್ಳಗೆ ಹಾಕಿದರೆ ಕಾಣುವುದಿಲ್ಲ ಎಂದ. ಮೂಲೆಯ ಬಾವುಟ ವಾಲಿದೆ ಎಂದು ನನ್ನನ್ನು ಮನೆಯಿಂದ ಕರೆಸಿದ.

ಆದರೆ ಗೋಲು ಹೊಡೆಯುತ್ತಿದ್ದ, ಅದನ್ನು ಸುಳ್ಳು ಹೇಳಲಾರೆ. ಜೋರಾಗಿ ಒದೆಯುವುದು ಅವನ ಪದ್ಧತಿ ಅಲ್ಲ. ಬೆಕ್ಕು ಅಡುಗೆಮನೆಗೆ ಹೋದ ಹಾಗೆ ಪೆಟ್ಟಿಗೆಯೊಳಗೆ ಹೋಗುತ್ತಿದ್ದ. ಎಲ್ಲರೂ ಅವನನ್ನು ಮರೆತ ಗಳಿಗೆಯಲ್ಲಿ ಚೆಂಡು ಬಲೆಯಲ್ಲಿರುತ್ತಿತ್ತು. ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದ ಜನ ಕೂಡ ಕೂಗುತ್ತಿದ್ದರು. ನಾನು ಬಕೀಟು ಬಿಟ್ಟು ಕುಣಿಯುತ್ತಿದ್ದೆ. ಅವನು ಮಾತ್ರ ನೇರ ನನ್ನ ಹತ್ತಿರ ನಡೆದು ಬಂದು, "ನೀರ ಕೊಡ್ರಿ" ಎನ್ನುತ್ತಿದ್ದ. ಹೊಲ ಹೊಡೆದು ಬಂದವನ ಹಾಗೆ! ಒಂದು ನಗು ಬೇಡವೇ? ಕೈ ಎತ್ತುವುದು ಬೇಡವೇ?

ಸಂಜೆ ಉಳಿದವರು ಹೋದ ಮೇಲೆ ರೈಲು ಹಳಿಯ ಕಡೆಯ ಗೋಲಿನ ಮುಂದೆ ದಿನಕ್ಕೆ ಐವತ್ತು ಪೆನಾಲ್ಟಿ ಹೊಡೆಯುತ್ತಿದ್ದ. ಆಗ ಚೆಂಡನ್ನು ನನ್ನ ಚುಕ್ಕೆಯ ಮೇಲೆಯೇ ಇಡುತ್ತಿದ್ದ. "ನಮ್ಮ ಓಣ್ಯಾಗ ಗೋಲಂದ್ರ ಎರಡು ಕಲ್ಲು ಅಣ್ಣಾ. ಚುಕ್ಕಿ ನೋಡಿದ್ದ ನಿಮ್ಮ ಕಡೆ," ಎಂದು ಒಮ್ಮೆ ಹೇಳಿದ್ದ. ಎರಡು ವರ್ಷ ಹೀಗೆ. ಈ ಗೋಲಿನಲ್ಲಿ ಅವನ ಪೆನಾಲ್ಟಿ ತಪ್ಪಿದ್ದು ನಾನು ನೋಡಲಿಲ್ಲ. ನನ್ನ ಚುಕ್ಕೆಯ ಗುಣ ಎಂದು ಮನೆಯಲ್ಲಿ ಹೆಮ್ಮೆ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಕೊಲ್ಹಾಪುರ.

ಅಲ್ಲಿ ಫೈನಲ್ ಪಂದ್ಯ ಇತ್ತು. ನೀರಿನ ಡಬ್ಬಿ ಹೊರಲು ನಾನೂ ಹೋಗಿದ್ದೆ. ಕೊಲ್ಹಾಪುರದ ಜನಕ್ಕೆ ಫುಟ್‌ಬಾಲ್ ಎಂದರೆ ಹುಚ್ಚು. ಮರದ ಮೇಲೆ, ಮಾಳಿಗೆಯ ಮೇಲೆ ಜನ. ಕಲ್ಕತ್ತೆಯ ಒಂದು ದೊಡ್ಡ ಕ್ಲಬ್ಬಿನವರು ಇವನನ್ನು ನೋಡಲೆಂದೇ ಬಂದಿದ್ದರು. ಸಂಬಳ ಕೊಟ್ಟು ಆಡಿಸುವವರು, ಇವನ ಹೆಸರು ದೇಶಕ್ಕೆಲ್ಲ ಗೊತ್ತಾಗುವಂಥ ಜಾಗ. ಬೆಳಿಗ್ಗೆಯೇ ಇವನ ಜೊತೆ ಮಾತಾಡಿ ಹೋಗಿದ್ದರು. ಎರಡೂ ಕಡೆ ಸಮ ಸಮ ಇದ್ದಾಗ, ಮುಗಿಯಲು ಎರಡು ನಿಮಿಷ ಇದ್ದಾಗ, ನಮಗೆ ಪೆನಾಲ್ಟಿ ಸಿಕ್ಕಿತು. ಹೊರಗಿನ ಊರಲ್ಲಿ ಪೆನಾಲ್ಟಿ ಹೊಡೆಯುತ್ತಿದ್ದುದು ಕ್ಯಾಪ್ಟನ್. ಅವತ್ತು ಕ್ಯಾಪ್ಟನ್ನನ ಕಾಲು ಉಳುಕಿ ಆತ ಹೊರಗೆ ಕೂತಿದ್ದ. ಇವನು ಚೆಂಡಿಟ್ಟ. ತಲೆ ಎತ್ತಿ ಗೋಲು ನೋಡಿದ. ಒಂದು ಗಳಿಗೆ ಹೆಚ್ಚೇ ನೋಡಿದ. ಹೊಡೆದ. ಗೋಲ್‌ಕೀಪರನ ಬೆರಳ ತುದಿ ತಗುಲಿ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಮರುಗಳಿಗೆಯಲ್ಲಿ ಆ ಕಡೆಯವರು ನಮಗೆ ಗೋಲು ಹೊಡೆದರು. ಸೋತೆವು. ಕಲ್ಕತ್ತೆಯವರು ಕೊಲ್ಹಾಪುರದ ಆ ಗೋಲ್‌ಕೀಪರನನ್ನು ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ಮೈದಾನಕ್ಕೆ ಹೋದರೆ ಅವನು ಒಬ್ಬನೇ ಅಲ್ಲಿದ್ದ. ಗೋಲಿನ ಗೆರೆಯಿಂದ ಚುಕ್ಕೆಯವರೆಗೆ ಹೆಜ್ಜೆ ಎಣಿಸುತ್ತ ಬರುತ್ತಾನೆ, ತಿರುಗಿ ಹೋಗುತ್ತಾನೆ, ಮತ್ತೆ ಬರುತ್ತಾನೆ. ದುಃಖ ತಲೆಗೇರಿದೆ ಎಂದುಕೊಂಡೆ. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಆಮೇಲೆ,

"ಅಣ್ಣಾ, ನಿಮ್ಮ ಕಾಯಂ ಆರ್ಡರ್ ಬಂತೇನ್ರಿ?" ಎಂದು ಕೇಳಿದ.

"ಇನ್ನೂ ಇಲ್ಲ ತಮ್ಮಾ. ಬರೂ ವಾರ ಸಾಹೇಬ್ರು ಬಂದು ನನ್ನ ಕೆಲಸಾ ನೋಡ್ತಾರಂತ."

"ಹಂಗೇನು," ಎಂದ. ಚುಕ್ಕೆಯ ಕಡೆ ಇನ್ನೊಮ್ಮೆ ನೋಡಿ, "ಛಲೋ ಐತಿ ಅಣ್ಣಾ ಮೈದಾನ," ಎಂದು ಹೋದ. ಅವನ ಬಾಯಿಂದ ನನ್ನ ಮೈದಾನಕ್ಕೆ ಬಂದ ಒಂದೇ ಹೊಗಳಿಕೆ ಅದು.

ಸಂಜೆ ಮತ್ತೆ ಪೆನಾಲ್ಟಿ ಹೊಡೆಯಲು ನಿಂತ. ನೋಡುತ್ತೇನೆ, ಚೆಂಡನ್ನು ಚುಕ್ಕೆಯ ಮೇಲೆ ಇಟ್ಟಿಲ್ಲ. ಚುಕ್ಕೆಗಿಂತ ಒಂದು ದೊಡ್ಡ ಹೆಜ್ಜೆ ಹಿಂದೆ ಇಟ್ಟಿದ್ದಾನೆ! ಐವತ್ತಕ್ಕೆ ಐವತ್ತೂ ಹಾಗೇ.

"ಯಾಕ ತಮ್ಮಾ, ಚುಕ್ಕಿ ಕಾಣವಲ್ದೇನು?"

"ಕಾಣತೈತ್ರಿ."

"ಮತ್ತ?"

"ಇಲ್ಲೇ ಇರಲಿ ಬಿಡ್ರಿ."

ನನ್ನ ಮೈಯೆಲ್ಲ ಉರಿಯಿತು. ಕೊಲ್ಹಾಪುರದಲ್ಲಿ ತಾನು ಗುರಿ ತಪ್ಪಿ ನನ್ನ ಚುಕ್ಕೆಗೆ ಅಪಶಕುನ ಕಟ್ಟುತ್ತಾನಲ್ಲ! ನನ್ನ ಕೈಯ ಸುಣ್ಣ ಕೆಟ್ಟದ್ದೇ? ವಾರದ ಮೇಲೆ ಸಾಹೇಬರು ಬಂದರು, ಗೆರೆ ನೋಡಿ ತಲೆಯಾಡಿಸಿದರು, ನಾನು ಕಾಯಂ ಆದೆ. ಪೇಢೆ ಹಂಚಿದೆ. ಅವನೂ ತಿಂದ. ತಿಂದು ಹೋಗಿ ಮತ್ತೆ ಚೆಂಡನ್ನು ಒಂದು ಹೆಜ್ಜೆ ಹಿಂದೆಯೇ ಇಟ್ಟ. ಪಂದ್ಯದ ದಿನ ಮಾತ್ರ ರೆಫರಿಯ ಮುಂದೆ ಬೇರೆ ದಾರಿ ಇಲ್ಲದೆ ನನ್ನ ಚುಕ್ಕೆಯ ಮೇಲೆ ಇಡುತ್ತಿದ್ದ. ಉಳಿದ ದಿನ ತನ್ನದೇ ಜಾಗ. ಅವನ ಕಾಲು ತಿಕ್ಕಿ ತಿಕ್ಕಿ ಆ ಜಾಗದಲ್ಲಿ ಹುಲ್ಲೆಲ್ಲ ಹೋಗಿ, ರೊಟ್ಟಿಯಷ್ಟು ಅಗಲದ ಬೋಳು ಬಿತ್ತು. ನಾನು ಹುಲ್ಲಿನ ಗಡ್ಡೆ ತಂದು ನೆಡುವುದು, ಅವನು ತುಳಿದು ಕಿತ್ತುಹಾಕುವುದು.

ಎರಡು ವರ್ಷದ ಮೇಲೆ ಗೋವೆಯ ಒಂದು ಕ್ಲಬ್ಬು ಅವನನ್ನು ಕರೆಯಿತು. ಕಲ್ಕತ್ತೆಯಷ್ಟು ದೊಡ್ಡದಲ್ಲ, ಆದರೂ ಆಟವೇ ನೌಕರಿ. ಎಂಟು ವರ್ಷ ಆಡಿದ. ಪೇಪರಿನಲ್ಲಿ ಬಂದ ಅವನ ಫೋಟೋ ಒಂದನ್ನು ಸುಣ್ಣದ ಕೋಣೆಯ ಬಾಗಿಲಿಗೆ ಅಂಟಿಸಿದ್ದೆ. ಅದರಲ್ಲೂ ಮುಖ ಗಂಟು ಹಾಕಿಕೊಂಡೇ ಇದ್ದ. ಬೋಳು ಜಾಗದಲ್ಲಿ ಹುಲ್ಲು ತುಂಬಿತು, ನನ್ನ ಮನಸ್ಸಿಗೂ ತಂಪಾಯಿತು. ಆಮೇಲೆ ಅವನ ಮೊಣಕಾಲು ಹೋಯಿತು, ಆಪರೇಶನ್ ಆಯಿತು, ಆಟ ಮುಗಿಯಿತು. ಆ ಊರು ಈ ಊರು ಎಂದು ತಂಡ ನೋಡಿಕೊಳ್ಳುತ್ತ ತಿರುಗಿ, ಕಡೆಗೆ ನಮ್ಮ ಕಾರ್ಖಾನೆಯ ತಂಡಕ್ಕೇ ಮ್ಯಾನೇಜರ್ ಆಗಿ ಬಂದ. ಕೂದಲು ಅರ್ಧ ಹೋಗಿತ್ತು, ಒಂದು ಕಾಲು ಎಳೆಯುತ್ತಿತ್ತು. ಎಲ್ಲರೆದುರು "ಸಾಹೇಬ್ರ" ಎಂದು ಕರೆಯಲು ಶುರು ಮಾಡಿದೆ. ಮನಸ್ಸಿನಲ್ಲಿ ಬೈಯುವಾಗ ಮಾತ್ರ "ನೀ" ಎಂದೇ ಬೈಯುತ್ತಿದ್ದೆ.

ಬಂದ ದಿನ ಹುಲ್ಲು ನೋಡಲಿಲ್ಲ, ಗೆರೆ ನೋಡಲಿಲ್ಲ. "ಅಣ್ಣಾ, ಆ ಕೋಲು ಇನ್ನೂ ಐತೇನ್ರಿ?" ಎಂದ. ನಾನು ಅಭಿಮಾನದಿಂದ ತೆಗೆದು ತೋರಿಸಿದೆ. ತಂತಿ ಮಾತ್ರ ಹೊಸದು ಸುತ್ತಿದ್ದೆ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ನಕ್ಕ. ಅಷ್ಟು ವರ್ಷದಲ್ಲಿ ಮೊದಲ ಸಲ ನಕ್ಕ. ನಕ್ಕು, ಹುಡುಗರನ್ನು ಸಾಲಾಗಿ ನಿಲ್ಲಿಸಿ, ನನ್ನ ಚುಕ್ಕೆಗಿಂತ ಒಂದು ಹೆಜ್ಜೆ ಹಿಂದೆ ಚೆಂಡು ಇಡಿಸಿದ. ತಾನು ಕೆಟ್ಟಿದ್ದು ಸಾಲದೆಂದು ಹನ್ನೊಂದು ಜನಕ್ಕೂ ಕಲಿಸಿದನಲ್ಲ! ಒಂದು ತಿಂಗಳಿಗೆ ಬೋಳು ಮತ್ತೆ ಎದ್ದಿತು, ಈ ಸಲ ಹಿಟ್ಟು ನಾದುವ ಪರಾತದಷ್ಟು.

ಮ್ಯಾನೇಜರ್ ಆದ ಮೇಲೆ ಒಂದು ಹೊಸ ರೋಗ ಹತ್ತಿತ್ತು. ಜಾಕೀಟಿನ ಕಿಸೆ ತುಂಬ ಹುರಿದ ಶೇಂಗಾ. ಪಂದ್ಯ ನಡೆದಷ್ಟು ಹೊತ್ತೂ ಸುಲಿಯುವುದು, ತಿನ್ನುವುದು, ಸಿಪ್ಪೆಯನ್ನು ನನ್ನ ಹುಲ್ಲಿನ ಮೇಲೆ ಊದುವುದು. ಗುಡಿಸುವಾಗ ಸಿಪ್ಪೆಯ ರಾಶಿ ನೋಡಿಯೇ ಎಷ್ಟು ಹೆದರಿದ್ದ ಎಂದು ಹೇಳಬಹುದಿತ್ತು. ಹೊಗಳುವುದಂತೂ ಇಲ್ಲವೇ ಇಲ್ಲ. ಹುಡುಗರು ಎಂಥ ಗೋಲು ಹೊಡೆದರೂ ಅವನ ಬಾಯಿಂದ ಬರುವುದು ಮರಾಠಿಯ ಒಂದೇ ಮಾತು, "ಪುನ್ಹಾ." ಮತ್ತೊಮ್ಮೆ ಎಂದು. ತಪ್ಪಿದರೂ ಪುನ್ಹಾ, ಸರಿಯಾದರೂ ಪುನ್ಹಾ. ಎರಡರ ನಡುವೆ ಏನು ಫರಕು ಎಂದು ಆ ಮಕ್ಕಳಿಗೆ ಹೇಗೆ ತಿಳಿಯಬೇಕು?

ಇನ್ನೊಂದು ಚಟ. ಪಂದ್ಯದಲ್ಲಿ ಪೆನಾಲ್ಟಿ ಬಂದರೆ ನೋಡುತ್ತಿರಲಿಲ್ಲ. ಕೊಲ್ಹಾಪುರದ ಪೆಟ್ಟು. ಮೈದಾನಕ್ಕೆ ಬೆನ್ನು ತಿರುಗಿಸಿ, ಹಿಂದೆ ಕೂತ ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದ. ನನ್ನ ಮುಖದ ಮೇಲೆ ಗೋಲಾಯಿತೋ ಇಲ್ಲವೋ ಓದಿಕೊಳ್ಳುತ್ತಿದ್ದ. "ನಿಮ್ಮ ಮಾರಿ ಸುಳ್ಳ ಹೇಳೂದಿಲ್ಲ ಅಣ್ಣಾ," ಎನ್ನುತ್ತಿದ್ದ. ಹೀಗೆ ಹೊರಗಿನ ಪಂದ್ಯಕ್ಕೂ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ, ನನ್ನ ಮುಖ ಬೇಕು ಎಂದು.

ನಾನು ನಿವೃತ್ತನಾದೆ. ಕಾರ್ಖಾನೆಯವರು ತಂಡ ಮುಚ್ಚಿ ಮೈದಾನವನ್ನು ಹುಡುಗಿಯರ ಒಂದು ಕ್ಲಬ್ಬಿಗೆ ಕೊಟ್ಟರು. ಕ್ಲಬ್ಬಿನವರು ಅವನನ್ನೇ ಮ್ಯಾನೇಜರ್ ಮಾಡಿದರು, ನನ್ನನ್ನೇ ಗೆರೆ ಹಾಕಲು ಕರೆದರು. ಹೀಗೆ ಮತ್ತೆ ಇಬ್ಬರೂ ಅಲ್ಲೇ. ಆರು ವರ್ಷದ ಹಿಂದೆ ನನ್ನ ಜೊತೆ ಬಂದಿದ್ದ ಅಂಬಿಕಾ ಹೊರಗೆ ಉರುಳಿ ಬಂದ ಚೆಂಡನ್ನು ಒದ್ದಳು. ಅವನು ಶೇಂಗಾ ತಿನ್ನುವುದು ನಿಲ್ಲಿಸಿ, "ಯಾರ ಮ್ಯಾಲಿನ ಸಿಟ್ಟರೀ ಇದು, ಹಿಂಗ ಒದೀತಾಳ? ಬಿಡ್ರಿ ನಮ್ಮ ಕಡೆ," ಎಂದ. ಬಿಟ್ಟೆ. ಬಿಟ್ಟು ಆರು ವರ್ಷ ಹೊಟ್ಟೆ ಉರಿಸಿಕೊಂಡೆ. ಯಾಕೆಂದರೆ ನನ್ನ ಸ್ವಂತ ಮೊಮ್ಮಗಳು, ನನ್ನ ಸ್ವಂತ ಚುಕ್ಕೆಯನ್ನು ಬಿಟ್ಟು, ಒಂದು ಹೆಜ್ಜೆ ಹಿಂದೆ ಚೆಂಡಿಟ್ಟು ಹೊಡೆಯಲು ಕಲಿತಳು.

ಈ ವರ್ಷ ಆ ಹೊಟ್ಟೆಯುರಿ ಭಯವಾಯಿತು. ಕ್ಲಬ್ಬಿನವರು ಸ್ಪಷ್ಟವಾಗಿ ಹೇಳಿದ್ದರು: ಕೊನೆಯ ಪಂದ್ಯ ಗೆದ್ದರೆ ತಂಡ ಮೇಲಿನ ಲೀಗಿಗೆ ಹೋಗುತ್ತದೆ. ಸೋತರೆ, ಹೇಗೂ ಮ್ಯಾನೇಜರ್ ನಿವೃತ್ತರಾಗುತ್ತಾರೆ, ಹುಡುಗಿಯರ ತಂಡ ಬಂದ್, ಮೈದಾನ ಕ್ರಿಕೆಟಿಗೆ. ಪೆನಾಲ್ಟಿ ಹೊಡೆಯುವವಳ ಹೆಸರು ಅಂಬಿಕಾ ಎಂದು ಅವನು ಬರೆದಿಟ್ಟಿದ್ದ. ನಾನು ಹೋಗಿ ಎದುರಿಗೆ ನಿಂತೆ.

"ಸಾಹೇಬ್ರ, ನಿಮಗ ಬೇಕಾದ್ದು ನೀವು ಮಾಡ್ಕೊಂಡ್ರಿ. ನನ್ನ ಮೊಮ್ಮಗಳನ್ನ ಯಾಕ ಕೆಡಸ್ತೀರಿ? ಮ್ಯಾಚಿನ್ಯಾಗ ಚುಕ್ಕಿ ಮ್ಯಾಲೇ ಇಡಬೇಕಲ್ಲ?"

"ಇಡತಾಳ್ರಿ."

"ಮತ್ತ ಕಲಿಸೂದು ಹಿಂದಿಟ್ಟು ಯಾಕ?"

"ದೂರಿಂದ ಕಲತ್ರ ಹತ್ರದಿಂದ ಹಗೂರ ಆಕ್ಕೈತ್ರಿ," ಎಂದು ಸಿಪ್ಪೆ ಊದಿದ.

ಅಂಬಿಕಾ ನನ್ನ ತೋಳು ಹಿಡಿದು ಎಳೆದಳು. "ಮುತ್ಯಾ, ನೀ ಸುಮ್ನ ಬಾ. ಸರ್ ಜೋಡಿ ಜಗಳಾ ತಗೀಬ್ಯಾಡ. ನಿನ್ನ ಸಲುವಾಗಿ ನನಗ ಇನ್ನ ಹತ್ತ ರೌಂಡ್ ಓಡಸ್ತಾರ."

ಭಾನುವಾರ ಬಂತು. ಬಣ್ಣದ ಕುರ್ಚಿಗಳ ದೊಡ್ಡ ಮೈದಾನ, ಅಲ್ಲಿನ ಗೆರೆ ಹಾಕುವುದು ಯಂತ್ರ, ನೋಡಲು ನೀಟಾಗಿಯೇ ಇತ್ತು. ಒಂದಕ್ಕೊಂದು ಗೋಲು ಸಮ. ಮುಗಿಯಲು ಐದು ನಿಮಿಷವೂ ಇಲ್ಲ. ಎದುರಿನ ಹುಡುಗಿಯೊಬ್ಬಳ ಕೈಗೆ ಪೆಟ್ಟಿಗೆಯೊಳಗೆ ಚೆಂಡು ತಗುಲಿತು, ರೆಫರಿ ಸೀಟಿ ಊದಿ ಚುಕ್ಕೆ ತೋರಿಸಿದ. ಅಂಬಿಕಾ ಚೆಂಡು ಎತ್ತಿಕೊಂಡು ನಡೆದಳು. ಅವನು ಬೆನ್ನು ತಿರುಗಿಸಿ ನನ್ನ ಮುಖ ನೋಡುತ್ತ ನಿಂತ. ಕಿಸೆಯಲ್ಲಿ ಕೈ, ಬಾಯಲ್ಲಿ ಸುಲಿಯದ ಶೇಂಗಾ. ಅಂಬಿಕಾ ಚೆಂಡನ್ನು ಚುಕ್ಕೆಯ ಮೇಲೆ, ಬಿಳಿಯ ನಡುಮಧ್ಯೆ ಇಟ್ಟಳು. ಆರು ವರ್ಷ ಹಿಂದಿನಿಂದ ಹೊಡೆದ ಕಾಲು, ಇವತ್ತು ಅಭ್ಯಾಸವಿಲ್ಲದ ಜಾಗದಿಂದ ಹೊಡೆಯಬೇಕಲ್ಲ! ಕಣ್ಣು ಮುಚ್ಚಿಬಿಟ್ಟೆ.

ಗದ್ದಲ ಎದ್ದಿತು. ಯಾರ ಗದ್ದಲ?

"ಅಣ್ಣಾ! ಏನಾತ್ರಿ?" ಎಂದು ಅವನು ಚೀರಿದ.

"ನನಗೇನ್ ಗೊತ್ತು!"

"ಕಣ್ಣ ಮುಚ್ಚಿದ್ರೇನು? ಹದಿನೈದು ವರ್ಷದಿಂದ ನಿಮ್ಮನ್ನ ಹೊತ್ಕೊಂಡು ತಿರಗಿದ್ದು ಯಾಕ ಮತ್ತ?"

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು. ಅಂಬಿಕಾ ಕಾಣಲಿಲ್ಲ. ಅವಳ ಮೇಲೆ ಹತ್ತು ಹುಡುಗಿಯರು ಬಿದ್ದಿದ್ದರು. ಇಬ್ಬರಲ್ಲಿ ಒಬ್ಬರೂ ಆ ಗೋಲು ನೋಡಲಿಲ್ಲ. ಆಮೇಲೆ ಅವಳನ್ನು ಕರೆದು ಕೇಳಬೇಕಾಯಿತು. "ಬಲಕ್ಕ ಸರ್, ಕೆಳಗ, ಕಂಬದ ಬುಡಕ್ಕ," ಎಂದಳು. ಅವನು, "ಪುನ್ಹಾ ಹೇಳು," ಎಂದ. ಮತ್ತೆ ಹೇಳಿದಳು. "ಪುನ್ಹಾ," ಎಂದ. ನಾನು ಸಾಯುವವರೆಗೆ ಕೇಳುತ್ತಿದ್ದೆ, ನನ್ನದೇನೂ ಅಡ್ಡಿ ಇರಲಿಲ್ಲ.

ಹುಡುಗಿಯರು ಕುಣಿಯಲು ಹೋದರು. ಅವನು ಬೆಂಚಿನ ಮೇಲೆ ಕೂತು ಶೇಂಗಾ ಸುಲಿಯಲು ಶುರು ಮಾಡಿದ. ನನಗೆ ಸಂತೋಷ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಹಳೆಯ ಜಗಳ ಗೆದ್ದೆ ಎಂದು ಅವನ ಮುಂದೆ ಹೋಗಿ ಸೊಂಟಕ್ಕೆ ಕೈ ಇಟ್ಟು ನಿಂತೆ.

"ನೋಡಿದ್ರ್ಯಾ ಸಾಹೇಬ್ರ? ಆರು ವರ್ಷ ಹಿಂದಿಟ್ಟು ಕಲಿಸಿದ್ರಿ. ನನ್ನ ಮೊಮ್ಮಗಳು ಇವತ್ತ ಚುಕ್ಕಿ ಮ್ಯಾಲಿಟ್ಟು ಹೊಡದ್ಲು!"

"ಇಲ್ಲಿ ಚುಕ್ಕಿ ಅದರ ಜಾಗಾದಾಗ ಐತಲ್ರಿ ಅಣ್ಣಾ," ಎಂದ.

ಹೇಳಿ ನಾಲಿಗೆ ಕಚ್ಚಿಕೊಂಡ. ಅವನಿಗೂ ಅವತ್ತು ಸಂತೋಷ ತುಂಬಿ ಬಾಯಿ ಸಡಿಲಾಗಿತ್ತು, ಕಾಣುತ್ತದೆ.

"ಅಂದ್ರ? ನನ್ನ ಚುಕ್ಕಿ ಎಲ್ಲದ?"

ತಲೆ ತಗ್ಗಿಸಿ ಶೇಂಗಾ ಸುಲಿದ. ನಾನು ಬಿಡಲಿಲ್ಲ. ಕಡೆಗೆ ಸುಲಿದ ಕಾಳುಗಳನ್ನು ನನ್ನ ಅಂಗೈಯಲ್ಲಿ ಹಾಕಿ, ಮೆಲ್ಲಗೆ ಹೇಳಿದ. "ನಿಮ್ಮ ಕೋಲು ನಾಲ್ಕ ಬೆರಳು ಕಮ್ಮಿ ಐತ್ರಿ. ತುದಿ ಕೊಯ್ದೀರಲ್ಲ."

"ನಾಲ್ಕ ಬೆರಳಿಗೇನಾಗ್ತದ?"

"ಹನ್ನೆರಡು ಸಲ ನಾಲ್ಕ ಬೆರಳು ಅಣ್ಣಾ."

ನಾಲ್ಕನೇ ಇಯತ್ತೆಯವನಾದರೂ ನನಗೆ ಮಗ್ಗಿ ಬರುತ್ತದೆ. ನಲವತ್ತೆಂಟು ಬೆರಳು. ಒಂದು ಗಜ. ಒಂದು ದೊಡ್ಡ ಹೆಜ್ಜೆ. ಅಷ್ಟು ವರ್ಷ ಸಾಹೇಬರೂ ರೆಫರಿಗಳೂ ಚುಕ್ಕೆ ದುಂಡಗಿದೆಯೇ ಎಂದು ನೋಡಿದರು, ಎಲ್ಲಿದೆ ಎಂದು ಯಾರೂ ಅಳೆಯಲಿಲ್ಲ. ಅಳೆದವನು ಇವನೊಬ್ಬ.

ಬೆಂಚಿನ ಮೇಲೆ ಕೂತೆ. ಮರಗಳ ಮೇಲೆ ಜನ ಕೂತಿದ್ದ ಆ ಮೈದಾನ ಕಣ್ಣೆದುರು ಬಂತು. ಎರಡು ವರ್ಷ ನನ್ನ ತಪ್ಪು ಚುಕ್ಕೆಯಿಂದ ದಿನಕ್ಕೆ ಐವತ್ತು ಹೊಡೆದ ಹುಡುಗ.

"ಹಂಗಾದ್ರ ಕೊಲ್ಹಾಪುರದಾಗ…"

"ಕೊಲ್ಹಾಪುರದ ಕೀಪರ್ ಛಲೋ ಇದ್ದನ್ರಿ. ಕೈ ಉದ್ದ ಇದ್ವು."

"ಸುಳ್ಳ ಹೇಳಬ್ಯಾಡ ನೀ."

"ಚೆಂಡ ಇಟ್ಟು ತಲಿ ಎತ್ತಿದಾಗ ಗೋಲು ಸಣ್ಣದು ಕಂಡಿತ್ರಿ, ಅಷ್ಟ. ಒಂದು ಗಜಕ್ಕ ಯಾರ ಗೋಲೂ ತಪ್ಪೂದಿಲ್ಲ. ಹೆದರಿಕಿಗೆ ತಪ್ಪತೈತಿ. ಮರುದಿನ ಬಂದು ಅಳದ್ನಿ. ಹೇಳಬೇಕಂತ ಬಾಯಿ ತಗದಿದ್ನಿ. ನೀವು, ಬರೂ ವಾರ ಸಾಹೇಬ್ರು ಬಂದು ನೋಡ್ತಾರ ಅಂದ್ರಿ."

"ಆಮ್ಯಾಲ ಹೇಳಬೇಕಿತ್ತಿಲ್ಲೋ? ನಾ ಕಾಯಂ ಆದೆ, ಮಗನ ಲಗ್ನ ಆತು, ಮೊಮ್ಮಗಳು ಹುಟ್ಟಿದ್ಲು. ಒಂದ ದಿವಸ ಸಿಗಲಿಲ್ಲೇನು ನಿನಗ?"

"ಮೊದ್ಲ ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ಆಮ್ಯಾಲ ಹೇಳಿದ್ರ ನಿಮ್ಮ ನಿದ್ದಿ ಹೋಗ್ತಿತ್ತು." ಎದ್ದು ಕಾಲು ಎಳೆಯುತ್ತ ಹುಡುಗಿಯರ ಕಡೆ ಹೊರಟ. "ಆ ಶೇಂಗಾ ತಿನ್ರಿ. ಕೈಯಾಗ ಹಿಡಕೊಂಡು ಕುಂತೀರಿ."

ಎಂಥ ಮನುಷ್ಯ! ತಪ್ಪಾಯಿತು ಎಂದು ಹೇಳಲೂ ಬಿಡಲಿಲ್ಲ. ಒಂದು ಮಾತು ಬೈದಿದ್ದರೆ ನಾನೊಂದು ಮಾತು ಬೈದು ಹಗುರ ಮಾಡಿಕೊಳ್ಳುತ್ತಿದ್ದೆ. ಸಂತೋಷಪಡುವ ದಿನ ಹೀಗೆ ಮಾಡಿಟ್ಟು ಹೋದ. ಮನೆಗೆ ಬರುವಾಗ ರೈಲಿನಲ್ಲಿ ಅಂಬಿಕಾಗೆ ಸಿಕ್ಕ ಗೆಲುವಿನ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದೆ. ಎದುರಿನ ಸೀಟಿನ ಹೆಂಗಸು ಮರಾಠಿಯಲ್ಲಿ, "ಸೋತರೇನು ಅಜೋಬಾ, ಆಡಿದಳಲ್ಲ," ಎಂದು ಸಮಾಧಾನ ಮಾಡಿದಳು.

ಮರುದಿನ ಬೆಳಿಗ್ಗೆ ಮಗನ ಉಕ್ಕಿನ ಟೇಪು ತೆಗೆದುಕೊಂಡು ಮೈದಾನಕ್ಕೆ ಹೋದೆ. ಹಳೆಯ ಚುಕ್ಕೆಯ ಸುಣ್ಣವನ್ನು ಕೈಯಿಂದಲೇ ಕೆರೆದು ತೆಗೆದೆ. ಅಂಬಿಕಾ ಗೋಲಿನ ಗೆರೆಯ ನಡುವೆ ಕೂತು ಟೇಪಿನ ಒಂದು ತುದಿ ಒತ್ತಿ ಹಿಡಿದಳು. ನಾನು ಇನ್ನೊಂದು ತುದಿ ಎಳೆಯುತ್ತ ಹಿಂದೆ ಹಿಂದೆ ಬಂದೆ. ಹನ್ನೆರಡು ಗಜ. ನಿಂತು ಕೆಳಗೆ ನೋಡಿದೆ. ಬೋಳು ಜಾಗದ ನಟ್ಟನಡುವೆ ನಿಂತಿದ್ದೆ. ನಾನು ಬೈದು ಬೈದು ಹುಲ್ಲು ನೆಟ್ಟ ಜಾಗ. ಮೊದಲು ಅವನು, ಆಮೇಲೆ ಅವನ ಹುಡುಗರು, ಆಮೇಲೆ ನನ್ನ ಮೊಮ್ಮಗಳು ತುಳಿದು ತುಳಿದು ಇಟ್ಟುಕೊಂಡು ಬಂದ ಜಾಗ.

ಹಿಂದೆ ಕೆಮ್ಮಿದ ಸದ್ದು. ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ, ಬೆಳಗಾವಿಯ ಬಸ್ಸಿಗೆ ಹೊರಟವನು. ಟೇಪು ನೋಡಿದ, ನನ್ನ ಕಾಲ ಕೆಳಗಿನ ನೆಲ ನೋಡಿದ. ಈಗಲಾದರೂ ಏನಾದರೂ ಒಳ್ಳೆಯ ಮಾತು ಆಡುತ್ತಾನೆ ಎಂದು ಕಾದೆ.

"ಟೇಪು ಸಡ್ಲ ಆಗಿತ್ತು ಅಣ್ಣಾ," ಎಂದ. "ಪುನ್ಹಾ."

ಬೈಯಲು ಬಾಯಿ ತೆರೆದೆ. ಅಂಬಿಕಾ ಗೋಲಿನ ಹತ್ತಿರ ಬಿದ್ದು ಬಿದ್ದು ನಗುತ್ತಿದ್ದಳು. ಟೇಪು ಬಿಗಿ ಹಿಡಿದು ಮತ್ತೆ ಅಳೆದೆ. ಅಲ್ಲೇ ಬಂತು. ಅವನು ಚೀಲ ಕೆಳಗಿಟ್ಟು ನೋಡುತ್ತ ನಿಂತ. ನಾನು ಬೊಗಸೆ ಸುಣ್ಣ ತೆಗೆದು ದುಂಡಗೆ ಇಟ್ಟೆ. ಹುಲ್ಲಿಲ್ಲದ ನೆಲವಾದ್ದರಿಂದ ಸುಣ್ಣ ಚೆನ್ನಾಗಿ ಹಿಡಿದುಕೊಂಡಿತು.